ಪಿಟಿ ಮೇಷ್ಟ್ರನ್ನು ಉಳಿಸಿಕೊಂಡ ಕಥೆ

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದರೆ ಸವಳಂಗದಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗಿದ್ದರೆ ನೀವೂ ಸವಳಂಗ ಸರ್ಕಲ್ಲಿನಲ್ಲಿ ಇಳಿದು ಟೀ ಕುಡಿದಿರಬಹುದು. ಅಲ್ಲಿಂದ ಇನ್ನೊಂದು ರಸ್ತೆ ನ್ಯಾಮತಿ, ಹೊನ್ನಾಳಿ ಕಡೆಗೆ ಹೋಗುತ್ತದೆ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಆಟೋ ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ "ಏಯ್ ಏಳನೇ ನಂಬರ್!" ಅಂತ ಕೂಗಿದರು.

ಮೂವತ್ತು ವರ್ಷದಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ತಿರುಗಿ ನೋಡಿದೆ. ಬಿಳಿ ಶರ್ಟು, ತಲೆ ಪೂರ್ತಿ ನರೆತಿದೆ, ಬೆನ್ನು ಮಾತ್ರ ಅದೇ ನೆಟ್ಟಗೆ. ನಮ್ಮ ಪಿಟಿ ಮೇಷ್ಟ್ರು!

ಯಾರೋ ಹಳೇ ಶಿಷ್ಯನ ಮನೆ ಗೃಹಪ್ರವೇಶಕ್ಕೆ ಬಂದಿದ್ದರಂತೆ. ಶಿವಮೊಗ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. "ಬಾರೋ, ಕೆರೆ ಕಡೆ ಹೋಗಿ ಕೂತ್ಕಳನ" ಅಂದರು. ಅವತ್ತು ಅವರ ಬಾಯಲ್ಲಿ ಕೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅದನ್ನು ಹೇಳೋಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೇಷ್ಟ್ರು ನಮ್ಮ ಹೈಸ್ಕೂಲಿಗೆ ಬಂದಿದ್ದು 1990ರಲ್ಲಿ. ಅದಕ್ಕೆ ಮೊದಲು ಪಿಟಿ ಪೀರಿಯಡ್ಡು ಅಂದರೆ ಹುಡುಗರು ಕಲ್ಲು ಆರಿಸೋದು, ಹುಡುಗಿಯರು ಕಸ ಗುಡಿಸೋದು. ಇವರು ಬಂದವರೇ ಊರಿನ ಗೌಡರನ್ನು ಕಾಡಿ ಬೇಡಿ ಎಂಟು ಗಾಡಿ ಕೆರೆ ಗೋಡು ಹೊಡೆಸಿದರು. ಅದನ್ನು ಹರವಿ, ನೀರು ಹಾಕಿ, ನಮ್ಮ ಕೈಯಲ್ಲೇ ತುಳಿಸಿ, ಖೋಖೋ ಅಂಕಣ ಮಾಡಿಸಿದರು. ಎರಡು ಕಂಬ ನೆಟ್ಟರು. ಬೆಳಿಗ್ಗೆ ಆರಕ್ಕೆ ವಿಸಿಲ್ ಊದಿದರೆ ಆರೂ ಐದಕ್ಕೆ ನಾವು ಅಲ್ಲಿರಬೇಕು. ದನ ಬಿಡೋ ಹುಡುಗರು, ತಾಂಡಾದ ಹುಡುಗಿಯರು, ಗೌಡರ ಮನೆಯವರು ಎಲ್ಲ ಒಂದೇ ಸಾಲಿನಲ್ಲಿ ಕೂತು ಬೆನ್ನಿಗೆ ಏಟು ತಿಂದು "ಖೋ" ಅಂದಾಗ ಎದ್ದು ಓಡುವವರು. ಖೋಖೋಗೆ ಬೂಟು ಬೇಡ, ಬ್ಯಾಟು ಬೇಡ, ಚೆಂಡೂ ಬೇಡ. ಬೇಕಾಗಿದ್ದು ಎರಡು ಕಂಬ, ಒಂದು ಸುಣ್ಣದ ಗೆರೆ, ಮತ್ತೆ ಬಿಡದೆ ನಿಂತು ಕಲಿಸುವ ಒಬ್ಬ ಮನುಷ್ಯ. ಮೂರನೆಯದೇ ಕಷ್ಟ.

ಎರಡು ಮೂರು ವರ್ಷದಲ್ಲಿ ಹೋಬಳಿ ಮಟ್ಟದಲ್ಲಿ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಆಮೇಲೆ ತಾಲ್ಲೂಕು ಮಟ್ಟ. ಹೊನ್ನಾಳಿಯ ದೊಡ್ಡ ದೊಡ್ಡ ಶಾಲೆಯವರು "ಯಾವ ಊರಿನವ್ರಪ್ಪ ಇವ್ರು" ಅಂತ ಕೇಳೋರು. ಆಗ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು.

ಗೆದ್ದ ತಂಡದ ಮೇಷ್ಟ್ರ ಹೆಸರು ಓಡಾಡುತ್ತದಲ್ಲ, ಹಾಗೇ ಆಯಿತು. 1995ರ ಜೂನಿನಲ್ಲಿ ನಾನು ಹತ್ತನೇ ಕ್ಲಾಸು. ಮೇಷ್ಟ್ರಿಗೆ ವರ್ಗ ಆಗಿದೆ ಅಂತ ಸುದ್ದಿ ಬಂತು. ಯಾವುದೋ ಪಟ್ಟಣದವರು ಎಳಕೊಂಡು ಹೋಗ್ತಿದ್ದಾರೆ ಅಂತ ಊರಿಗೆ ಊರೇ ಮಾತಾಡಿತು. ನಮ್ಮ ಅಪ್ಪಾಜಿ ಶಾಲೆಯ ಬೆಟರ್‌ಮೆಂಟ್ ಕಮಿಟಿಯಲ್ಲಿದ್ದರು. ಮೂರು ಪುಟದ ಮನವಿ ಬರೆಸಿದರು. ಅಕ್ಷರ ಚೆನ್ನಾಗಿದೆ ಅಂತ ನನ್ನ ಕೈಯಲ್ಲೇ ಬರೆಸಿದ್ದು. ಮುನ್ನೂರಕ್ಕೂ ಹೆಚ್ಚು ಸಹಿ, ಹೆಬ್ಬೆಟ್ಟು. ಅಪ್ಪಾಜಿ ಹೊಲದ ಕೆಲಸ ಬಿಟ್ಟು ಹದಿನೈದು ದಿನ ಹೊನ್ನಾಳಿ, ಶಿವಮೊಗ್ಗ, ಬೆಂಗಳೂರು ಅಂತ ತಿರುಗಿದರು. ಶಾಲೆಗೆ ಬೀಗ ಹಾಕಿ ನಾವೆಲ್ಲ ಗೇಟಿನ ಮುಂದೆ ಕೂತೆವು. ಕೊನೆಗೂ ಆರ್ಡರ್ ಕ್ಯಾನ್ಸಲ್ ಆಯಿತು!

ಅವತ್ತು ಡೊಳ್ಳು ಹೊಡೆಸಿದರು. ಮೇಷ್ಟ್ರಿಗೆ ಹಾರ ಹಾಕಿ ಎತ್ತಿನ ಗಾಡಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿದರು. ಗಾಡಿಯ ಮೇಲೆ ಅವರು ನಗ್ತಾ ಇದ್ದರು ಅಂತಲೇ ನನ್ನ ನೆನಪು. ಮೂರು ವರ್ಷ ಕಳೆದು 1998ರಲ್ಲಿ ಮತ್ತೆ ವರ್ಗ ಆಯಿತು. ಆ ಸಲ ಯಾರಿಗೂ ಹೇಳದೆ, ಒಂದು ಶನಿವಾರ ಸಂಜೆ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿಬಿಟ್ಟರು. ಊರಿನವರಿಗೆ ಭಾರೀ ಸಿಟ್ಟು. "ಅಷ್ಟೆಲ್ಲ ಮಾಡಿದ್ವಿ, ಒಂದು ಮಾತು ಹೇಳ್ದೆ ಹೋದ ನೋಡು" ಅಂತ ಅಪ್ಪಾಜಿ ಎಷ್ಟೋ ವರ್ಷ ಹೇಳುತ್ತಿದ್ದರು.

ಅವರ ಜಾಗಕ್ಕೆ ಮೂರು ವರ್ಷ ಯಾರೂ ಬರಲಿಲ್ಲ. ನನ್ನ ತಂಗಿ ಆಗ ಒಂಬತ್ತನೇ ಕ್ಲಾಸು. ಹಿಂದಿನ ವರ್ಷವಷ್ಟೇ ಅವಳಿದ್ದ ಹುಡುಗಿಯರ ತಂಡ ಜಿಲ್ಲಾ ಮಟ್ಟಕ್ಕೆ ಹೋಗಿತ್ತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಗಿ ನಮ್ಮ ತಾಲ್ಲೂಕು ಅಲ್ಲಿಗೆ ಸೇರಿತ್ತು. ಹಾಗಾಗಿ ಪಕ್ಕದ ಶಿವಮೊಗ್ಗ ಬಿಟ್ಟು ಹೊನ್ನಾಳಿ ದಾಟಿ ದಾವಣಗೆರೆ ತನಕ ಹೋಗಿ ಬಂದಿದ್ದರು ಹುಡುಗಿಯರು. ಮಾರನೇ ವರ್ಷ ತಂಡವೇ ಇಲ್ಲ. ಅಂಕಣದಲ್ಲಿ ಮೆಕ್ಕೆಜೋಳ ಒಣಗಿಸಲು ಶುರು ಮಾಡಿದರು. ತಂಗಿಯ ಸರ್ಟಿಫಿಕೇಟು ಇನ್ನೂ ಅಮ್ಮನ ಬೀರುವಿನಲ್ಲಿದೆ. ಒಂದೇ ಒಂದು.

ಇದೆಲ್ಲ ನಾನು ಮರೆತೇಬಿಟ್ಟಿದ್ದೆ. ಮತ್ತೆ ನೆನಪಾಗಿದ್ದು ಎಲ್ಲಿ ಗೊತ್ತಾ? ಅಮೆರಿಕದ ಷಾರ್ಲಟ್ ಎಂಬ ಊರಿನಲ್ಲಿ, 2008ರ ಮಾರ್ಚಿನಲ್ಲಿ.

ಆಗ ನನ್ನ ಕಂಪನಿಯವರು ಒಂದು ಬ್ಯಾಂಕಿನ ಕೆಲಸಕ್ಕೆ ಅಲ್ಲಿಗೆ ಕಳಿಸಿದ್ದರು. ಮಾರ್ಚ್ ಬಂತೆಂದರೆ ಆ ದೇಶದವರಿಗೆ ಕಾಲೇಜು ಬಾಸ್ಕೆಟ್‌ಬಾಲ್ ಹುಚ್ಚು. ಆ ವರ್ಷ 65 ತಂಡ. ಸೋತವರು ಅಲ್ಲೇ ಮನೆಗೆ. ಆಫೀಸಿನಲ್ಲಿ ಎಲ್ಲರೂ ಯಾರು ಗೆಲ್ತಾರೆ ಅಂತ ಚೀಟಿ ತುಂಬಿಸಿ ಐದೈದು ಡಾಲರ್ ಹಾಕುತ್ತಿದ್ದರು. ನನಗೆ ಆಟದ ತಲೆಬುಡ ಗೊತ್ತಿಲ್ಲ. ಪಕ್ಕದ ಊರಿನ ಹೆಸರು ಕಂಡಿತು ಅಂತ ಡೇವಿಡ್ಸನ್ ಅಂತ ಬರೆದೆ. ಎಲ್ಲ ನಕ್ಕರು.

ಡೇವಿಡ್ಸನ್ ಒಂದು ಪುಟ್ಟ ಊರು. ಷಾರ್ಲಟ್‌ಗೂ ಅದಕ್ಕೂ ಹೆಚ್ಚು ಕಡಿಮೆ ಸವಳಂಗಕ್ಕೂ ಶಿವಮೊಗ್ಗಕ್ಕೂ ಇರುವಷ್ಟೇ ದೂರ. ಊರಿನ ಹೆಸರಿನದೇ ಕಾಲೇಜು, ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲ. ಆ ಕಾಲೇಜಿನ ತಂಡ ಆ ವರ್ಷ ಗೊನ್ಝಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ಮೂರನ್ನೂ ಸೋಲಿಸಿತು. ತೆಳ್ಳಗಿನ ಒಬ್ಬ ಹುಡುಗ ಗೊನ್ಝಾಗ ಮೇಲೆ ಒಬ್ಬನೇ 40 ಪಾಯಿಂಟ್ ಹೊಡೆದ. ಸ್ಟೀಫನ್ ಕರಿ. ಇವತ್ತು ಅವನ ಹೆಸರು ಕೇಳದವರಿಲ್ಲ. ಮುಂದಿನ ಪಂದ್ಯಗಳು ಡೆಟ್ರಾಯಿಟ್‌ನಲ್ಲಿ. ಕಾಲೇಜಿನ ಟ್ರಸ್ಟಿಗಳು ತಮ್ಮ ಕೈಯಿಂದ ದುಡ್ಡು ಹಾಕಿ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಅಲ್ಲಿಗೆ ಕಳಿಸಿದರು. ಕೊನೆಗೆ ಕ್ಯಾನ್ಸಸ್ ಮೇಲೆ 59-57ರಲ್ಲಿ ಸೋತರು. ಬರೀ ಎರಡು ಪಾಯಿಂಟು.

ಮಾರನೇ ದಿನ ಆಫೀಸಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ಸೋತಿದ್ದಕ್ಕೆ ಅಲ್ಲ, ಬೇರೆಯದಕ್ಕೆ ಚಿಂತೆ ಮಾಡುತ್ತಿದ್ದರು. "ಇನ್ನು ದೊಡ್ಡ ಯೂನಿವರ್ಸಿಟಿಯವರು ನಮ್ಮ ಕೋಚ್ ಮನೆ ಬಾಗಿಲಿಗೆ ಬರ್ತಾರೆ" ಅಂದರು. ನನಗೆ ತಟ್ಟನೆ ನಮ್ಮೂರಿನ ಗೇಟು, ಬೀಗ, ಡೊಳ್ಳು ಎಲ್ಲ ಕಣ್ಣ ಮುಂದೆ ಬಂತು.

ಆವತ್ತಿನಿಂದ ಈ ವಿಷಯ ನನಗೆ ಒಂಥರಾ ಗೀಳು. ಸಣ್ಣ ಕಾಲೇಜುಗಳು ಗೆಲ್ಲುವ ಕೋಚನ್ನು ಹೇಗೆ ಉಳಿಸಿಕೊಳ್ಳುತ್ತವೆ? ಮೊದಲು ಮಾಡುವುದು ಸಂಬಳ ಏರಿಸೋದು, ಉದ್ದ ಕರಾರು ಬರೆಸೋದು. ಇಂಡಿಯಾನಾಪೊಲಿಸ್‌ನ ಬಟ್ಲರ್ ಅಂತ ಇನ್ನೊಂದು ಸಣ್ಣ ಕಾಲೇಜು. 2010ರಲ್ಲಿ ಫೈನಲ್ ತನಕ ಬಂತು. ಕೋಚ್ ಬ್ರ್ಯಾಡ್ ಸ್ಟೀವನ್ಸ್ ಆ ವರ್ಷವೇ ಹನ್ನೆರಡು ವರ್ಷದ ಕರಾರಿಗೆ ಸಹಿ ಹಾಕಿದರು. 2011ರಲ್ಲಿ ಮತ್ತೆ ಫೈನಲ್. 2013ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಎಂಬ ವೃತ್ತಿಪರ ತಂಡದವರು ಕರೆದರು, ಹೋದರು. ಕಾಗದ ಕಾಗದವಾಗೇ ಉಳಿಯಿತು.

ಇನ್ನೊಂದು ಉಪಾಯ ದಂಡ. ಅವಧಿಗೆ ಮುಂಚೆ ಬಿಟ್ಟು ಹೋದರೆ ಇಷ್ಟು ಲಕ್ಷ ಡಾಲರ್ ಕಟ್ಟಬೇಕು ಅಂತ. ಆದರೆ ಸಾಮಾನ್ಯವಾಗಿ ಅದನ್ನು ಕಟ್ಟುವುದು ಕರೆಸಿಕೊಳ್ಳುವ ದೊಡ್ಡ ಯೂನಿವರ್ಸಿಟಿ. ವರ್ಜೀನಿಯಾ ಕಾಮನ್‌ವೆಲ್ತ್ ಎಂಬ ಯೂನಿವರ್ಸಿಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಕೋಚನ್ನು ಕರೆದುಕೊಂಡು ಹೋದವರು ನಮ್ಮ ಊರಿಗೂ ಬಂದು ನಮ್ಮ ತಂಡದ ಜೊತೆ ಆಡಬೇಕು ಅಂತ ಬರೆಸಿಕೊಂಡಿತ್ತು. ಅವರ ಶಾಕಾ ಸ್ಮಾರ್ಟ್ 2015ರಲ್ಲಿ ಟೆಕ್ಸಸ್‌ಗೆ ಹೋದರು. 2017ರಲ್ಲಿ ಟೆಕ್ಸಸ್ ತಂಡ ಅಲ್ಲಿಗೆ ಹೋಗಿ ಆಡಿಯೂ ಬಂತು. ಮಜಾ ಇದೆ, ಆದರೆ ಕೋಚ್ ಉಳಿಯಲಿಲ್ಲವಲ್ಲ!

ಉಳಿದವರ ಕಥೆಗಳು ಬೇರೆ ಥರ. ಡೇವಿಡ್ಸನ್‌ನ ಕೋಚ್ ಬಾಬ್ ಮೆಕಿಲಪ್ 1989ರಲ್ಲಿ ಬಂದಾಗ ಮೊದಲ ವರ್ಷ 28 ಪಂದ್ಯದಲ್ಲಿ ಗೆದ್ದಿದ್ದು ಬರೀ 4. ಕಾಲೇಜು ಅವರನ್ನು ಓಡಿಸಲಿಲ್ಲ. ಅವರ ಇಬ್ಬರು ಗಂಡು ಮಕ್ಕಳೂ ಅದೇ ಕಾಲೇಜಿನಲ್ಲಿ ಓದಿ, ಅಪ್ಪನ ಕೈಕೆಳಗೇ ಆಡಿದರು. 2008ರ ಆ ಗೆಲುವಿನ ಮೇಲೂ ಅವರು ಎಲ್ಲಿಗೂ ಹೋಗಲಿಲ್ಲ. ಒಟ್ಟು 33 ವರ್ಷ ಅಲ್ಲೇ ಇದ್ದು 2022ರಲ್ಲಿ ನಿವೃತ್ತರಾದರು. ಆಮೇಲೆ ಬಂದಿದ್ದು ಅವರ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಮಗ. ಸೋತಾಗ ತಡೆದುಕೊಂಡವರನ್ನು ಗೆದ್ದಾಗ ಬಿಟ್ಟು ಹೋಗೋದು ಕಷ್ಟ ಅಂತ ನನಗನ್ನಿಸುತ್ತದೆ. ಇಡೀ ಸಂಸಾರ ಒಂದು ಊರಿನಲ್ಲಿ ಬೇರು ಬಿಟ್ಟಿದ್ದರೆ ಇನ್ನೂ ಕಷ್ಟ.

ಗೊನ್ಝಾಗದ್ದು ಇನ್ನೊಂದು ಪಾಠ. ಸ್ಪೊಕೇನ್ ಎಂಬ ಊರಿನ ಜೆಸ್ಯೂಟ್ ಪಾದ್ರಿಗಳ ಕಾಲೇಜು ಅದು. 1999ರಲ್ಲಿ ಮೊದಲ ಸಲ ದೊಡ್ಡದಾಗಿ ಗೆದ್ದರು, ಅದೇ ಬೇಸಿಗೆಯಲ್ಲಿ ಕೋಚ್ ಮಿನೆಸೋಟಾಕ್ಕೆ ಹೊರಟುಹೋದರು. ನಮ್ಮೂರಾಗಿದ್ದರೆ ಅಲ್ಲಿಗೆ ಮುಗಿಯಿತು. ಆದರೆ ಅಲ್ಲಿ ಹತ್ತು ವರ್ಷದಿಂದ ಸಹಾಯಕನಾಗಿ ಕೂತಿದ್ದ ಮಾರ್ಕ್ ಫ್ಯೂ ಎಂಬಾತ ಮಾರನೇ ದಿನದಿಂದ ಅದೇ ಕೆಲಸ ಮುಂದುವರಿಸಿದ. ಇಪ್ಪತ್ತೈದು ವರ್ಷ ದಾಟಿದರೂ ಆತ ಅಲ್ಲೇ. 2017 ಮತ್ತು 2021ರಲ್ಲಿ ಫೈನಲ್ ತನಕ ಕರೆದುಕೊಂಡು ಹೋದ. ಕಾಲೇಜಿನವರು 2004ರಲ್ಲಿ 6,000 ಜನ ಕೂರುವ ಹೊಸ ಒಳಾಂಗಣ ಕಟ್ಟಿಕೊಟ್ಟರು. ಅಂದರೆ ದೊಡ್ಡ ಊರಿಗೆ ಹೋದರೆ ಸಿಗುವುದು ಇಲ್ಲೇ ಸಿಗುವ ಹಾಗೆ ಮಾಡಿದರು. ಬಟ್ಲರ್‌ನಲ್ಲೂ ಅಷ್ಟೇ, ಒಬ್ಬರು ಹೋದರೆ ಒಳಗಿನವರೇ ಬಂದು ನಿಂತರು. 2001ರಲ್ಲಿ ಬಿಟ್ಟು ಹೋಗಿದ್ದ ಥಾಡ್ ಮಟ್ಟಾ ಎಂಬ ಕೋಚ್ 2022ರಲ್ಲಿ ವಾಪಸ್ ಅಲ್ಲಿಗೇ ಬಂದರು. ಹೋಗುವಾಗ ಬಾಗಿಲು ಹಾಕಿಕೊಳ್ಳದಿದ್ದರೆ ಹೀಗೂ ಆಗುತ್ತದೆ.

ಈ ಎಲ್ಲ ಜ್ಞಾನ ತಲೆಯಲ್ಲಿ ತುಂಬಿಕೊಂಡು ನಾನು ಮೊನ್ನೆ ಸವಳಂಗದ ಕೆರೆ ದಂಡೆ ಮೇಲೆ ಮೇಷ್ಟ್ರ ಪಕ್ಕ ಕೂತಿದ್ದೆ. ಡೇವಿಡ್ಸನ್ ಕಥೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ ನಾನು ಕೇಳಿಯೇಬಿಟ್ಟೆ. "ಸಾರ್, 95ರಲ್ಲಿ ಅಷ್ಟು ಕಷ್ಟಪಟ್ಟು ನಿಮ್ಮನ್ನ ಉಳಿಸಿಕೊಂಡಿದ್ವಿ. ಆಮೇಲೆ ಯಾಕೆ ಹೇಳದೆ ಹೋದ್ರಿ?"

ಮೇಷ್ಟ್ರು ಸ್ವಲ್ಪ ಹೊತ್ತು ನೀರು ನೋಡುತ್ತಾ ಕೂತರು.

"95ರ ವರ್ಗ ನಾನೇ ಕೇಳಿದ್ದು ಕಣೋ" ಅಂದರು.

ನನಗೆ ಅರ್ಥವಾಗಲಿಲ್ಲ.

ಅವರ ಹೆಂಡತಿಯೂ ಟೀಚರ್. ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿದ್ದರು. ಮೇಷ್ಟ್ರು ಪ್ರತೀ ಶನಿವಾರ ಮಧ್ಯಾಹ್ನ ಹೊರಟು ಶಿವಮೊಗ್ಗ, ಚಿತ್ರದುರ್ಗ, ಹಿರಿಯೂರು ಅಂತ ಬಸ್ಸು ಬದಲಾಯಿಸಿ ರಾತ್ರಿ ಮನೆ ಸೇರುವುದು. ಭಾನುವಾರ ಮಧ್ಯಾಹ್ನ ಮತ್ತೆ ವಾಪಸ್. ಕ್ರೀಡಾಕೂಟ ಇದ್ದ ವಾರ ಅದೂ ಇಲ್ಲ. 1994ರ ಹೋಬಳಿ ಫೈನಲ್ ನನಗೆ ಚೆನ್ನಾಗಿ ನೆನಪಿದೆ. ನಾವು ಗೆದ್ದ ಮೇಲೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಿ, ಅವರು ಮಾತ್ರ ತಿನ್ನದೆ ಗಡಿಬಿಡಿಯಲ್ಲಿ ಬಸ್ಸು ಹತ್ತಿದ್ದರು. ನಾವು ಚೆನ್ನಾಗಿ ಆಡಲಿಲ್ಲ ಅಂತ ಸಿಟ್ಟು ಬಂದಿದೆ ಅಂದುಕೊಂಡಿದ್ದೆವು. ಅವತ್ತು ಬೆಳಿಗ್ಗೆ ಅವರ ಮಗಳು ಹುಟ್ಟಿದ್ದಳಂತೆ.

"ಹೆಂಡ್ತಿ ಊರಿನ ಹತ್ರಕ್ಕೆ ಅಂತ ಓಡಾಡಿ ಓಡಾಡಿ ವರ್ಗ ಮಾಡಿಸ್ಕೊಂಡಿದ್ದೆ. ನಿಮ್ಮಪ್ಪಾಜಿ ಕ್ಯಾನ್ಸಲ್ ಮಾಡ್ಸಿದ್ರು. ಊರಿನವ್ರು ಹಾರ ಹಾಕಿ ಮೆರವಣಿಗೆ ಮಾಡ್ತಿದ್ರೆ ಬಾಯಿ ಬಿಟ್ಟು ಏನಂತ ಹೇಳ್ಲಿ? ಅಷ್ಟು ಪ್ರೀತಿ..."

"ಹೇಳಬಹುದಿತ್ತಲ್ಲ ಸಾರ್."

"ಯಾರೂ ಕೇಳ್ಲಿಲ್ಲವಲ್ಲೋ."

ಆಮೇಲೆ ಅವರು ಆ ಮಾತು ಹೇಳಿದರು. ಸಿಟ್ಟಿನಿಂದಲ್ಲ, ಲೆಕ್ಕ ಹೇಳುವ ಹಾಗೆ. "ನನ್ನ ಆರ್ಡರ್ ಕ್ಯಾನ್ಸಲ್ ಮಾಡ್ಸೋಕೆ ನಿಮ್ಮಪ್ಪಾಜಿ ಹದಿನೈದು ದಿನ ತಿರುಗಿದ್ರು. ಅದೇ ಹದಿನೈದು ದಿನ ನಮ್ಮನೆಯವ್ರನ್ನ ಇಲ್ಲಿಗೆ ಹಾಕ್ಸೋಕೆ ತಿರುಗಿದ್ರೆ ನಾನು ರಿಟೈರ್ ಆಗೋತಂಕ ಇದೇ ಊರಲ್ಲಿ ಇರ್ತಿದ್ದೆ. ನಿಮ್ಮೂರ ಪ್ರೈಮರಿ ಸ್ಕೂಲಲ್ಲಿ ಒಂದು ಪೋಸ್ಟು ಖಾಲಿ ಇತ್ತು."

ನನಗೆ ಮಾತೇ ಹೊರಡಲಿಲ್ಲ. ಆ ಮೂರು ಪುಟದ ಮನವಿ ಬರೆದ ಕೈ ನನ್ನದು. ಅದರಲ್ಲಿ ಮೈದಾನದ ಬಗ್ಗೆ, ಗೆದ್ದ ಕಪ್ಪುಗಳ ಬಗ್ಗೆ, ಮಕ್ಕಳ ಭವಿಷ್ಯದ ಬಗ್ಗೆ ಬರೆದಿದ್ದೆ. ಮೇಷ್ಟ್ರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರಿಗೊಂದು ಮನೆ ಇದೆ, ಹೆಂಡತಿ ಮಗು ಇದ್ದಾರೆ ಅಂತ ನಮಗೆ ಹೊಳೆದೇ ಇರಲಿಲ್ಲ. ಬಟ್ಲರ್‌ನ ಹನ್ನೆರಡು ವರ್ಷದ ಕರಾರಿಗೂ ನಮ್ಮ ಗೇಟಿನ ಬೀಗಕ್ಕೂ ಏನು ವ್ಯತ್ಯಾಸ? ಸ್ಟೀವನ್ಸ್ ಮನಸ್ಸಾರೆ ಸಹಿಯಾದರೂ ಹಾಕಿದ್ದರು, ದುಡ್ಡೂ ಸಿಕ್ಕಿತ್ತು. ಮೇಷ್ಟ್ರಿಗೆ ಸಿಕ್ಕಿದ್ದು ಒಂದು ಹಾರ.

ಇನ್ನೊಂದು ಮಾತು ಹೇಳಲೇಬೇಕು. 1996ರಲ್ಲಿ ನಾನು ಪಿಯುಸಿಗೆ ಅಂತ ಊರು ಬಿಟ್ಟೆ. ಆಮೇಲೆ ಇಂಜಿನಿಯರಿಂಗು, ಬೆಂಗಳೂರು, ಅಮೆರಿಕ. ನನ್ನನ್ನು ತಡೆಯಲು ಯಾರೂ ಗೇಟಿಗೆ ಬೀಗ ಹಾಕಲಿಲ್ಲ. ನನಗೂ ಹಾರ ಹಾಕಿದರು, ಹೋಗು ಅಂತ. ಊರಿನ ಮಕ್ಕಳೇ ಓಡಿ ಹೋಗುವ ಊರಿನಲ್ಲಿ, ಎಲ್ಲಿಂದಲೋ ಬಂದ ಒಬ್ಬ ಮನುಷ್ಯ ಮಾತ್ರ ಜನ್ಮಪೂರ್ತಿ ಉಳಿಯಲಿ ಅಂತ ಬಯಸಿದ್ದೆವು ನಾವು.

"ತಪ್ಪು ನಿಮ್ಮದೊಂದೇ ಅಲ್ಲ" ಅಂದರು ಮೇಷ್ಟ್ರು. "ನಾನೂ ಒಬ್ಬನ್ನ ತಯಾರು ಮಾಡ್ಲಿಲ್ಲ. ಎಂಟು ವರ್ಷ ವಿಸಿಲ್ ನನ್ನ ಕೈಲೇ ಇತ್ತು. ಹಳೇ ಹುಡುಗ್ರಲ್ಲಿ ಯಾರಿಗಾದ್ರು ಕೊಟ್ಟು, ನೀನು ಊದು, ನಾನು ನೋಡ್ತೀನಿ ಅನ್ನಬಹುದಿತ್ತು. ಆಗ ನಾನು ಹೋಗಿದ್ರೂ ಅಂಕಣ ಇರ್ತಿತ್ತು." ಅವರು ಗೊನ್ಝಾಗದ ಹೆಸರನ್ನು ಕೇಳಿದ್ದು ಅವತ್ತೇ ಮೊದಲು. ಆದರೆ ವಿಷಯ ಅವರಿಗೆ ಎಂದೋ ಗೊತ್ತಿತ್ತು.

ಸರ್ಕಾರಿ ಶಾಲೆಯಲ್ಲಿ ವರ್ಗ ತಪ್ಪಿಸಲಾಗುವುದಿಲ್ಲ. ಅನುದಾನಿತ ಶಾಲೆಗಳಲ್ಲಾದರೆ ಮೇಷ್ಟ್ರು ಸೇರಿದ ಸಂಸ್ಥೆಯಲ್ಲೇ ನಿವೃತ್ತರಾಗುವುದುಂಟು. ಸರ್ಕಾರಿ ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಒಂದು ಕಾಯ್ದೆ ಬಂತು, 2020ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದರೆ ಅದಕ್ಕೊಂದು ಆದ್ಯತೆಯೂ ಇದೆ. ಹಾಗಾಗಿ ಈಗ ಊರಿನವರು ಬೀಗ ಹಾಕಿ ಆರ್ಡರ್ ನಿಲ್ಲಿಸುವುದು ಸುಲಭವಲ್ಲ, ನಿಲ್ಲಿಸಲೂಬಾರದು. ಇರುವಷ್ಟು ದಿನ ಅವರು ಸುಖವಾಗಿರುವ ಹಾಗೆ ನೋಡಿಕೊಳ್ಳುವುದು, ಅವರು ಹೋದ ಮೇಲೂ ಆಟ ನಡೆಯುವ ಹಾಗೆ ಮಾಡುವುದು, ಇವೆರಡು ಮಾತ್ರ ನಮ್ಮ ಕೈಯಲ್ಲಿವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು ನಮ್ಮ ಗಂಡಸರ ತಂಡ, ಹೆಂಗಸರ ತಂಡ ಎರಡೂ ಗೆದ್ದವಲ್ಲ, ಅದರಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಅವಳದೂ ಹಳ್ಳಿಯೇ. ಅದನ್ನು ಟಿವಿಯಲ್ಲಿ ನೋಡಿದ ದಿನ ನನ್ನ ತಂಗಿ ಫೋನ್ ಮಾಡಿ, "ಅಣ್ಣ, ನಾವು ಕೂತ್ಕೊಳ್ತಿದ್ದ ಹಾಗೇ ಕೂತ್ಕೊಳ್ತಾರೆ ನೋಡು" ಅಂದಿದ್ದಳು. ಬೇರೇನೂ ಹೇಳಲಿಲ್ಲ.

ಬಸ್ಸು ಬಂತು. ಮೇಷ್ಟ್ರು ಹತ್ತುವಾಗ "ನಿಮ್ಮಪ್ಪಾಜಿಗೆ ಇದನ್ನೆಲ್ಲ ಹೇಳಬ್ಯಾಡ, ವಯಸ್ಸಾಗಿದೆ" ಅಂದರು.

ನಾನು ಹೇಳಿಬಿಟ್ಟೆ. ತಪ್ಪೋ ಸರಿಯೋ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಮೇಷ್ಟ್ರನ್ನು ಬೈದುಕೊಂಡು ಬಂದ ಅಪ್ಪಾಜಿಗೆ ಗೊತ್ತಾಗಲಿ ಅನ್ನಿಸಿತು. ಊಟ ಮಾಡುತ್ತಾ ಕೇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ. ಅರ್ಧ ರೊಟ್ಟಿ ಹಾಗೇ ಬಿಟ್ಟು ಕೈ ತೊಳೆದರು. ಜಗಲಿ ಮೇಲೆ ಹೋಗಿ ಕೂತರು.

ನಾನು ಹಾಸಿಗೆ ಹಾಕುತ್ತಿದ್ದೆ. ಒಳಗೆ ಬಂದು ಬಾಗಿಲಲ್ಲಿ ನಿಂತರು.

"ಈಗ ಇರೋ ಪಿಟಿ ಮೇಡಮ್ಮು ದಿನಾ ಶಿವಮೊಗ್ಗದಿಂದ ಬಸ್ಸಿಗೆ ಬರ್ತದೆ. ಬೆಳಗ್ಗೆ ಆಡ್ಸಾಕೆ ಆಗಲ್ಲ ಅಂತ ಹುಡುಗ್ರು ಹೇಳ್ತಿದ್ರು."

"ಹೂಂ."

"ಅವ್ರ ಮನೆಯವ್ರು ಏನ್ ಮಾಡ್ತಾರಂತೆ? ಯಾರಾದ್ರು ಕೇಳಿದಾರಾ?"

ಗೊತ್ತಿಲ್ಲ ಅಪ್ಪಾಜಿ ಅಂದೆ. ನಾಳೆ ಹೋಗಿ ಕೇಳಿಕೊಂಡು ಬಾ ಅಂದರು.